ಮುಚ್ಚಳ

ಭಾನುವಾರ ಸಂಜೆ, ಹಳೇ ಹತ್ತಿ ಗೋದಾಮು.
ನಲವತ್ತು ಪ್ಲಾಸ್ಟಿಕ್ ಕುರ್ಚಿ, ಗೋಡೆಗೆ
ಜೋಡಿಸಿ ಹೊಲಿದ ಎರಡು ಬಿಳಿ ಪಂಚೆ.
ಫ್ಯಾನು ಹಾಕಿದರೆ ಪಂಚೆ ಅಲುಗಿ
ನಾಯಕಿಯ ಕೆನ್ನೆ ಸುಕ್ಕಾಗುತ್ತದೆ;
ಆರಿಸಿದರೆ, ದಾವಣಗೆರೆ, ಏಪ್ರಿಲ್ಲು.
ಬೆವರುವುದೆಂದು ಬಹುಮತದಿಂದ ತೀರ್ಮಾನವಾಯಿತು.

ಹಿಮದ ದೇಶದ ಸಿನಿಮಾ. ಮಾತು ಕಡಿಮೆ.
ಒಬ್ಬಳು ಹೆಂಗಸು, ಒಂದು ಒಲೆ, ಒಂದು ಕಿಟಕಿ.
ಮುಗಿದ ಮೇಲೆ ನಾನು ಪಾಠಕ್ಕೆ ನಿಂತೆ:
ಕಿಟಕಿಯ ಚೌಕಟ್ಟು, ಕದಲದ ಕ್ಯಾಮೆರಾ,
ಒಂಟಿತನ ಅಂತ ಬೋರ್ಡಿನ ಮೇಲೆ ಬರೆದು
ಕೆಳಗೆ ಎರಡು ಗೆರೆಯನ್ನೂ ಎಳೆದೆ.
ಪಿಯುಸಿ ಹುಡುಗರು ಬರೆದುಕೊಂಡರು,
ಗೆರೆ ಸಮೇತ.

ಹಿಂದಿನ ಸಾಲಿನಿಂದ ಖೈರುನ್ನೀಸಾ,
ಮಂಡಕ್ಕಿ ಭಟ್ಟಿಯಿಂದ ನೆಟ್ಟಗೆ ಬಂದವಳು,
ಸೆರಗಿನಲ್ಲಿ ಇನ್ನೂ ಹೊಟ್ಟು:
'ಸಾರ್, ಆಕಿ ಬಲಗೈ ಸುಟ್ಟೈತಿ.
ಮೂರು ಸಲಾನೂ ಎಡಗೈಲೇ ಮುಚ್ಚಳ ತೆಗದ್ಲು.
ಒಲೀನೇ ಸುಡ್ತೋ, ಯಾರರ ಸುಟ್ರೋ,
ಅದನ್ನ ತೋರ್ಸಲಿಲ್ಲ ನೋಡ್ರಿ.'

ಹನ್ನೊಂದು ಸಲ ನೋಡಿದ್ದೆ ನಾನು ಆ ಚಿತ್ರವನ್ನು.

ತಿರುಗಿ ಹಾಕಿದೆವು. ಬೋರ್ಡು ಒರೆಸಿ
ಹಿಂದೆ ಹೋಗಿ ಕೂತೆ, ಆಕೆಯ ಪಕ್ಕ ಒಂದು ಕುರ್ಚಿ ಬಿಟ್ಟು.
ಪ್ರೊಜೆಕ್ಟರಿನ ಬೆಳಕಿನ ಕೋಲಿನಲ್ಲಿ
ಯಾವ ಕಾಲದ್ದೋ ಹತ್ತಿಯ ಧೂಳು
ಕಾದ ಮರಳಿಗೆ ಬಿದ್ದ ಅಕ್ಕಿಯ ಹಾಗೆ ಎಗರಾಡುತ್ತಿತ್ತು.
ಕಿಟಕಿ ಬಂತು, ಹೋಯಿತು. ಒಲೆ ಬಂತು. ಉಗಿ.
ಅವಳು ಮುಚ್ಚಳದತ್ತ ಕೈ ಚಾಚಿದಳು.

ಕತ್ತಲಲ್ಲಿ ಒಬ್ಬ ಪಿಯುಸಿ ಹುಡುಗ
'ಹುಷಾರು' ಅಂದ.