ಪಚ್ಚೆ ಗೇಟು

ಸಿದ್ದಾಪುರದ ಬಣ್ಣದಂಗಡಿಯಲ್ಲಿ ಹಂಸ
ಶೇಡ್ ಕಾರ್ಡನ್ನು ಬೀಸಣಿಗೆಯಂತೆ ಬಿಡಿಸಿದ:
ವಾಲ್‌ನಟ್, ಚೆಸ್ಟ್‌ನಟ್, ಡಾರ್ಕ್ ಮಹಾಗನಿ, ಓಕ್.
ಒಂದು ಮರವನ್ನೂ ನಾನು ಹತ್ತಿದವಳಲ್ಲ,
ಒಂದರ ಕಾಯಿಗೂ ಕಲ್ಲೆಸೆದವಳಲ್ಲ.
ಓಕ್ ಅಂದರೆ ನಮಗೆ ಮೆಣಸುಬಳ್ಳಿ ಹೊತ್ತ ಸಿಲ್ವರ್ ಓಕು,
ಅದೂ ಓಕಲ್ಲವಂತೆ.

‘ಹಲಸು ಇಲ್ವ?’ ಅಂದೆ.
‘ಹಲಸಿಗೆ ಹಲಸಿನ ಬಣ್ಣ ಯಾರು ಹಚ್ತಾರೆ ಅಕ್ಕ!’
ಹಂಸ ನಕ್ಕ. ಕಾರ್ಡು ನನ್ನ ಚೀಲಕ್ಕೆ ಬಿತ್ತು.

ಹಳೇ ಗೇಟು ಮುರಿದದ್ದು ಒಂಟಿ ಸಲಗ.
ಕೋಪದಿಂದಲ್ಲ. ಹಣ್ಣಿನ ಘಮ ಹಿಡಿದು ಬಂದವನಿಗೆ
ಚಿಲಕ ತೆಗೆಯುವ ತಾಳ್ಮೆ ಇರಲಿಲ್ಲ, ಅಷ್ಟೆ.
ಮರ ಇದ್ದರೆ ಬರ್ತಾನೇ ಇರ್ತಾನೆ, ಅಂದರು ಫಾರೆಸ್ಟಿನವರು.
ಮರ ಉರುಳಿಸಿದೆವು.
ಅದರದ್ದೇ ಹಲಗೆಯಲ್ಲಿ ವೇಲಾಯುಧನ್ ಆಚಾರಿ
ಹೊಸ ಗೇಟು ಕೂಡಿಸಿದರು,
ಐದು ಅಡ್ಡಪಟ್ಟಿ, ಒಂದು ಓರೆ,
ಮೈತುಂಬ ಅರಿಸಿನ ಹಚ್ಚಿಕೊಂಡ ಹಳದಿ.
ತಿನ್ನಲು ಬಂದವನಿಗೆ ತಿನ್ನಬಂದ ಮರವೇ ಅಡ್ಡ,
ಅಂದೆ ಆಚಾರಿಗೆ. ಅವರು ಮರಳುಕಾಗದ ಮಡಚುತ್ತ
‘ಎಣ್ಣೆಯೋ ಪೈಂಟೋ, ಮೊದಲು ಅದು ಹೇಳಿ.’

ಗೇಟು ಒಂದು, ಮನೆ ಎರಡು.
ಒಳಗೆ ದಾರಿ ಕವಲೊಡೆದು ಎಡಕ್ಕೆ ನಾವು, ಬಲಕ್ಕೆ ಚೋಂದಕ್ಕ.
‘ಮಹಾಗನಿ ಮಾಡಿಸು, ಗ್ಲಾಸಿ. ಮುಖ ಕಾಣಬೇಕು,’ ಅಂದಳು ಚೋಂದಕ್ಕ.
‘ಹೊಳಪು ಬೇಡ,’ ಅಂದ ಬಿದ್ದಪ್ಪ,
‘ರಾತ್ರಿ ಜೀಪಿನ ಲೈಟು ನಮ್ಮ ಕಣ್ಣಿಗೇ ವಾಪಸ್ಸು,
ಹಿಂದೆ ಯಾರು ನಿಂತಿದ್ದಾರೋ ಗೊತ್ತಾಗಲ್ಲ.’
ಯಾರು, ಅಂದ. ಯಾವುದು, ಅನ್ನಲಿಲ್ಲ.

ಹಿಂಬದಿಯ ಪಟ್ಟಿಗೆ ಮೂರು ಗೀರು ಹಚ್ಚಿ
ಒಂದು ವಾರ ಬಿಸಿಲಿಗೆ ಬಿಟ್ಟೆವು:
ಮಹಾಗನಿ, ಅಗಸೆ ಎಣ್ಣೆ,
ಮತ್ತೆ, ಬೇಡವೆನ್ನಲು ಧೈರ್ಯವಿಲ್ಲದೆ, ಹಳೆಯ ಹಸಿರು.

ಯಾಕೆಂದರೆ ಮಾಲ್ದಾರೆ ಬಸ್ಸಿನ ಕಂಡಕ್ಟರ್
ಇಲ್ಲಿ ‘ಪಚ್ಚೆ ಗೇಟ್, ಪಚ್ಚೆ ಗೇಟ್’ ಅಂತಲೇ ಕೂಗುವುದು.
ಟಿಕೇಟಿನಲ್ಲಿಲ್ಲದ, ನಕ್ಷೆಯಲ್ಲಿಲ್ಲದ ಊರು ಅದು;
ಬ್ಯಾಂಕಿನ ಕಾಗದ ಮಾತ್ರ ಆ ಹೆಸರಿಗೇ ಬರುತ್ತದೆ.
ಬರೀ ಎರಡು ಬಿದಿರಗಳ ಅಡ್ಡವಿದ್ದ ಎರಡು ತಿಂಗಳೂ
ಅವನು ಅದನ್ನೇ ಕೂಗಿದ.
ಲೈನಿನ ಪಾಲಿ ಕೇಳಿದಳು, ಮುಖ ಗಂಭೀರ ಮಾಡಿ,
‘ಬಣ್ಣ ಬದಲಾದ್ರೆ ನಾನು ಎಲ್ಲಿ ಇಳಿಯೋದು?’

ಕೊನೆಗೆ ಎಣ್ಣೆ.
ಹಳೇ ಮುಂಡು ಅದ್ದಿ, ನಾರಿನ ಗುಂಟ ಉಜ್ಜಿ ಉಜ್ಜಿ
ಮೂರು ಕೈ ಆಗಬೇಕು, ಅಂದರು ಆಚಾರಿ,
ಒಂದೊಂದು ಕೈಗೂ ನಡುವೆ ಮೂರು ದಿನ.
ಅಕ್ಕಿರೊಟ್ಟಿಗೂ ಟರ್ಪೆಂಟೈನ್ ವಾಸನೆ ಹತ್ತಿತು.
ಹೊಳಪಿಲ್ಲ; ಬಿಸಿಲು ಅದರ ಮೇಲೆ ಜಾರುವುದಿಲ್ಲ, ಇಳಿಯುತ್ತದೆ.
ಹತ್ತು ವರ್ಷಕ್ಕೆ ತಾನೇ ಕಾಫಿಪುಡಿಯ ಬಣ್ಣಕ್ಕೆ ತಿರುಗುತ್ತದಂತೆ.
ಚೋಂದಕ್ಕ ಬಂದು ನೋಡಿದಳು.
‘ಇನ್ನೂ ಹಚ್ಚೇ ಇಲ್ವ?’ ಅಂದಳು.

ಎರಡನೇ ಕೈ ಆದ ರಾತ್ರಿ ನಾಯಿ ಬೊಗಳಲಿಲ್ಲ.
ಬೆಳಿಗ್ಗೆ ಮೇಲಿನ ಪಟ್ಟಿಯುದ್ದಕ್ಕೂ
ಅರ್ಧ ಒಣಗಿದ ಎಣ್ಣೆಗೆ ಮೆತ್ತಿದ ಕೆಂಪು ಕೆಸರು,
ನಡುವೆ ತಂತಿಯಂಥ ಎರಡು ಕೂದಲು.
ಮುರಿದಿಲ್ಲ. ಮೂಸಿ, ಮೈ ಒರಸಿ, ಹೋಗಿದ್ದಾನೆ.

ಬಸ್ಸು ಅದೇ ಹೆಸರು ಕೂಗಿ ನಿಂತಿತು.
ಇಳಿದ ಪಾಲಿ ಕೆಸರು ಮುಟ್ಟಿ ನೋಡಿ
‘ಮೂರನೇ ಕೈ ಅವನೇ ಹಚ್ಚಿದ,’ ಅಂದಳು.
ಒರೆಸಲು ಬಟ್ಟೆ ತಂದಿದ್ದ ಬಿದ್ದಪ್ಪ
ಅದನ್ನು ಹೆಗಲಿಗೆ ಹಾಕಿಕೊಂಡ.

ಹಸಿರಿನ ಗೀರು ಹಿಂಬದಿಯಲ್ಲಿ ಹಾಗೇ ಇದೆ,
ಅಂಗೈಯಗಲ.
ಹೊರಗೆ ಹೋಗುವವರಿಗೆ ಕಾಣುತ್ತದೆ.