ಹೆಸರು ಅಳಿಸಿದ ಪ್ರತಿ

ರಾತ್ರಿ ಒಂದೂವರೆ. ಕರಕೋಲಿಗೆ ಕರೆಂಟು ಬಂದಿದೆ.
ಒಲೆಯ ಕಲ್ಲಿದ್ದಲು ಬೂದಿಯಾಗುವ ಮೊದಲು ಕಳಿಸಿಬಿಡಬೇಕು.

ಸಾರಾಂಶ ಇನ್ನೂರೈವತ್ತು ಪದ ದಾಟುವಂತಿಲ್ಲ;
ಹನ್ನೊಂದು ಚಳಿಗಾಲಗಳ ಸರೋವರವನ್ನು
ಹಿಂಡಿ ಹಿಂಡಿ ಇನ್ನೂರ ನಲವತ್ತೊಂಬತ್ತಕ್ಕೆ ತಂದೆ.
ಚಿತ್ರ ಬೇರೆ ಕಡತ, ಕೋಷ್ಟಕ ಬೇರೆ ಕಡತ,
ಸಂಪಾದಕರಿಗೆ ಕೈಮುಗಿದ ಪತ್ರ ಇನ್ನೊಂದು.
ಬೇರೆಲ್ಲಿಗೂ ಕಳಿಸಿಲ್ಲವೇ? ಇಲ್ಲ. ಗುರುತು ಹಾಕಿದೆ.
ದೇಶಗಳ ಪಟ್ಟಿಯಲ್ಲಿ ಇಳಿದಿಳಿದು
ಕಿರ್ಗಿಸ್ತಾನ ಸಿಕ್ಕಿದ್ದೇ ತಡ, ಶುಲ್ಕ ಮಾಫಿಯಾಯಿತು.

ಕೊನೆಗೆ ಕೆಂಪಕ್ಷರದ ಸಾಲು:
ಪರಿಶೀಲಕರಿಗೆ ನೀವು ಯಾರೆಂದು ಗೊತ್ತಾಗಕೂಡದು,
ಹೆಸರುಗಳನ್ನೆಲ್ಲ ತೆಗೆಯಿರಿ.

ನನ್ನದನ್ನು ತೆಗೆದೆ. ಬೆಗಿಮಾಯ್ ಹೋಗುವಾಗ ಸದ್ದೇ ಮಾಡಲಿಲ್ಲ.
ಕೃತಜ್ಞತೆಯ ಕೆಳಗೆ ತೊಕ್ತೊಸುನ್ ಇದ್ದ.
ದೋಣಿ ಅವನದು. ಹಗ್ಗಕ್ಕೆ ಮೀಟರಿಗೊಂದು ಗಂಟು ಹಾಕಿ
ಆಳವನ್ನು ಬೆರಳಲ್ಲೇ ಎಣಿಸುತ್ತಿದ್ದ,
ತುಟಿ ನೀಲಿಗಟ್ಟಿದರೂ ನಡುವೆ ಮಾತಾಡುತ್ತಿರಲಿಲ್ಲ.
ಮಾರ್ಚಿನಲ್ಲಿ ಗಂಡಸರು ಮಣ್ಣು ಕೊಡಲು ಹೋದರು,
ನಾನು ಗುಡಾರದೊಳಗೆ ಹೆಂಗಸರ ಜೊತೆ ಅತ್ತೆ.

ಅಳಿಸುವ ಕೀಲಿ ಹಿಂದಿನಿಂದ ತಿನ್ನುತ್ತ ಬರುತ್ತದೆ:
ನ್ ಹೋಯಿತು, ಸು ಹೋಯಿತು, ತೊ, ಕ್,
ಇನ್ನೊಂದು ತೊ ಉಳಿದಾಗ
ಎದ್ದು ಒಲೆ ಕೆದಕಿ ಬಂದೆ.
ಆಮೇಲೆ ಅದೂ.
ಸ್ವೀಕೃತವಾದರೆ ಮರಳಿ ಸೇರಿಸಬಹುದಂತೆ.
ಆದರೆ.

ಹತ್ತನೇ ವಾರ ಉತ್ತರ. ಮೊದಲನೆಯವರಿಗೆ ಅಲ್ಪವಿರಾಮಗಳ ಬಗ್ಗೆ ಬೇಸರ.
ಎರಡನೆಯವರು ಕೇಳಿದ್ದು ಒಂದೇ:
ಆಳವನ್ನು ಅಳೆದವರು ಯಾರು? ಎಷ್ಟು ನಂಬಬಹುದು?

ಹಗ್ಗ ನನ್ನ ಕೋಣೆಯ ಮೊಳೆಯಲ್ಲೇ ಇತ್ತು, ಮೀನಿನ ವಾಸನೆ ಹೋಗಿಲ್ಲ.
ನೆಲದ ಮೇಲೆ ಹಾಸಿ ಗಂಟಿನಿಂದ ಗಂಟಿಗೆ
ಉಕ್ಕಿನ ಪಟ್ಟಿ ಹಿಡಿದು ಅಳೆದೆ, ಕಾರಿಡಾರಿನ ಕೊನೆಯವರೆಗೂ.
ಅರವತ್ತರಲ್ಲಿ ಐವತ್ತೊಂಬತ್ತು ಸರಿ.
ಇಪ್ಪತ್ತಮೂರನೆಯದು ಒಂದು ಬೆರಳು ಹೆಚ್ಚು.
ಅದನ್ನೂ ಬರೆಯುತ್ತೇನೆ,
ಅಳೆದವನ ಹೆಸರೊಂದನ್ನು ಬಿಟ್ಟು.