ನೀರಹುಳ

ನಮ್ಮ ಕುಶಿರೊ ಬಂದರಿನಲ್ಲಿ ಇದನ್ನು ನೀರಹುಳ ಅನ್ನುತ್ತಾರೆ.
ಹುಳವೇ ಅಲ್ಲ ಅಂದರು ಡಾಕ್ಟರು ಕುಗಿಮಿಯಾ,
ಅಣಬೆಯ ದಾಯಾದಿ.
ಬೇರಿಲ್ಲ, ಎಲೆಯಿಲ್ಲ, ಹಲ್ಲಿಲ್ಲ,
ಒದ್ದೆಯಿದ್ದರೆ ಸಾಕು, ಕತ್ತಲಿದ್ದರೆ ಸಾಕು,
ಸತ್ತ ಚರ್ಮ ಉಂಡುಕೊಂಡು ಸುಖವಾಗಿರುತ್ತದೆ.

ಹಾಗಿದ್ದರೆ ಶಿಗೆಜೊನ ಬೂಟಿನೊಳಗೆ
ನಲವತ್ತು ವರ್ಷ ಅದಕ್ಕೆ ಹಬ್ಬ.
ಬೆಳಗಿನ ಜಾವ ಮೂರಕ್ಕೆ ಮೊಣಕಾಲುದ್ದದ ರಬ್ಬರು ಏರಿಸಿ
ಮಂಜುಗಡ್ಡೆ, ಸಾನ್ಮಾ ಮೀನು, ಉಪ್ಪುನೀರು.
ಸಂಜೆ ಬಿಚ್ಚಿದರೆ ಪಾದ ನೆನೆಸಿದ ಅಕ್ಕಿ,
ಕಿರುಬೆರಳ ಸಂದಿಯಲ್ಲಿ ಬಿರುಕು.
ಕೆರೆದುಕೊಳ್ಳುವಾಗ ಅವನ ಮುಖ ನೋಡಬೇಕಿತ್ತು!
ನನ್ನ ಜೊತೆ ಒಂದು ದಿನವೂ ಅಷ್ಟು ಸುಖಪಟ್ಟವನಲ್ಲ.

ಮದುವೆಯ ರಾತ್ರಿ ಕಾಲುಚೀಲ ಬಿಚ್ಚಲಿಲ್ಲ.
ಚಳಿಯೇನೋ ಅಂದುಕೊಂಡೆ.
ಆಮೇಲೆ ಬಚ್ಚಲ ಮುಂದಿನ ಚಾಪೆಗೆ ಜಗಳ:
ನೀಲಿ ನನ್ನದು, ಕಂದು ನಿನ್ನದು, ತುಳಿದೀಯೆ ಜೋಕೆ.
ತುಳಿಯುತ್ತಿದ್ದ.
ಕಣ್ಣಿಗೆ ಸೋಪು ಹೋಗಿತ್ತು ಅನ್ನುತ್ತಿದ್ದ.
ವಿನೆಗರಿನಲ್ಲಿ ಕಾಲು ಅದ್ದಿದ,
ಬೆಳ್ಳುಳ್ಳಿ ಜಜ್ಜಿ ಕಟ್ಟಿ ಬೊಕ್ಕೆ ಎಬ್ಬಿಸಿಕೊಂಡ,
ಮುಲಾಮು ತಂದ, ತುರಿಕೆ ನಿಂತ ಮೂರನೇ ದಿನಕ್ಕೇ
ಕೊಳವೆಯನ್ನು ಎಲ್ಲೋ ಕಳೆದ.
ಬೇಸಿಗೆಗೆ ಅದು ಮತ್ತೆ ಬಂತು,
ತವರಿಗೆ ಬಂದ ಮಗಳ ಹಾಗೆ, ಹೇಳದೆ ಕೇಳದೆ.

ಅವನು ಹೋಗಿ ಮೂರು ಚಳಿಗಾಲ.
ಮೊನ್ನೆ ಉಗುರು ಕತ್ತರಿಸಲು ಕೂತರೆ
ನನ್ನ ಬಲಗಾಲ ಹೆಬ್ಬೆರಳು ಹಳದಿ, ದಪ್ಪ,
ಅಂಚಿನಲ್ಲಿ ಪುಡಿ ಪುಡಿ.
ಅವನ ಉಗುರೇ ಬಂದು ನನ್ನ ಕಾಲಲ್ಲಿ ಕೂತ ಹಾಗೆ.

ಡಾಕ್ಟರು ಪುಡಿ ಕೆರೆದು ಗಾಜಿನ ಮೇಲಿಟ್ಟು
ಒಂದು ಹನಿ ಕ್ಷಾರ ಬಿಟ್ಟು, ಬನ್ನಿ ನೋಡಿ, ಅಂದರು.
ಎಳೆ ಎಳೆ. ಹರವಿಟ್ಟ ಬಲೆ.
ಜೀವ ಇದೆಯೇ?
ಇದೆ.
ಎಷ್ಟು ವರ್ಷದ್ದು?
ಹೇಳಲಾಗದು, ಹಳೆಯದೇ.

ಗಂಟಲು ಕಟ್ಟಿತು.
ಮಕ್ಕಳಾಗಲಿಲ್ಲ ನಮಗೆ.
ಬೂದಿಯಾಗಿ ಕಲ್ಲಿನಡಿ ಸೇರಿದ ಗಂಡಸಿನದು
ಬೆಳೆಯುತ್ತಿರುವುದು ಅಂದರೆ ಇದೊಂದೇ,
ನೀಲಿ ಚಾಪೆ ದಾಟಿ ನನಗೆ ಬಂದದ್ದು.
ನಾನು ಕಣ್ಣೊರೆಸುವುದು ಕಂಡು ಡಾಕ್ಟರು,
ಸಾಯುವ ಕಾಯಿಲೆಯಲ್ಲ ತಾಯೀ, ಅಂದರು.
ಅದೇ ಅಲ್ಲವೇ ತೊಂದರೆ.

ರಕ್ತ ಪರೀಕ್ಷಿಸಿ, ಯಕೃತ್ತು ಒಪ್ಪಿದ ಮೇಲೆ ಮಾತ್ರೆ ಕೊಟ್ಟರು.
ಮುಲಾಮು ಬರೀ ಸಂದಿಗಲ್ಲ, ಹಿಮ್ಮಡಿಯವರೆಗೆ,
ತುರಿಕೆ ನಿಂತರೂ ನಿಲ್ಲಿಸಕೂಡದು.
ಅದನ್ನು ಹೇಳುವಾಗ ನನ್ನನ್ನೇ ದಿಟ್ಟಿಸಿದರು,
ಶಿಗೆಜೊನನ್ನು ಬಲ್ಲವರ ಹಾಗೆ.
ಬೆರಳು ಬೆರಳಿನ ನಡುವೆ ಒರೆಸಬೇಕು, ಮಗುವಿಗೆ ಒರೆಸಿದಂತೆ.
ಬೂಟು ಎರಡು ಜೊತೆ: ಇವತ್ತಿನದು ನಾಳೆ ಹಾಕಬಾರದು,
ಹಳೆಯ ಪೇಪರು ತುರುಕಿ ಒಣಗಲು ಬಿಡಬೇಕು.
ಮೀನಿನ ಕಾರ್ಖಾನೆಯ ಹುಡುಗಿಯರು ನಕ್ಕರು,
ಬೂಟಿಗೂ ಸುದ್ದಿ ಓದಿಸುತ್ತೀಯಾ ಮಿತ್ಸುಯೊ, ಅಂತ.
ನಾಲ್ಕು ದಿನಕ್ಕೆ ಅವರ ಬೂಟುಗಳೂ ಓದತೊಡಗಿದವು.

ಉಗುರಿಗೆ ಅವಸರವಿಲ್ಲ.
ಎಂಟು ತಿಂಗಳಾಯಿತು. ಬುಡದಿಂದ ತಿಳಿಯಾದದ್ದು
ಹಳೆಯದನ್ನು ತುದಿಗೆ ನೂಕುತ್ತಿದೆ, ನಾನು ಕತ್ತರಿಸುತ್ತಿದ್ದೇನೆ.
ಅಕ್ಕಿಕಾಳಿನಷ್ಟು ಹಳದಿ ಉಳಿದಿದೆ.
ಒಂದು ಮಾತ್ರೆಯನ್ನೂ ತಪ್ಪಿಸಿಲ್ಲ.

ಇವತ್ತು ಬಿಸಿಲಿತ್ತು.
ಎರಡೂ ಚಾಪೆ ಕುದಿನೀರಲ್ಲಿ ಅದ್ದಿ ತೆಗೆದು
ಬೇಲಿಗೆ ಹಾಕಿದ್ದೆ, ಪಕ್ಕ ಪಕ್ಕ.
ಗರಿಗರಿ ಒಣಗಿವೆ ಕಣೋ.
ನೀಲಿಯದನ್ನು ಈಗ ತುಳಿ, ನೋಡೋಣ.